ಎಂಟು ಮನೆಯ ಕರೆಗಂಟೆ ಕಿತ್ತ ಬಾಣಂತಿ

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಅಂಚೆಯವನ ಬಾಯಿಂದ. ಅದೊಂದು ಗುರುವಾರ, ಬೆಳಗಿನ ಹನ್ನೊಂದರ ಹೊತ್ತು. ಬಾಗಿಲನ್ನು ಯಾರೋ ದಬದಬನೆ ಬಡಿದರು. ತೆಗೆದು ನೋಡಿದರೆ ಅಂಚೆಯವನು, ಒಂದು ಕೈಯಲ್ಲಿ ನನ್ನ ಪಿಂಚಣಿಯ ಕಾಗದ, ಇನ್ನೊಂದು ಕೈ ಕೆಂಪಗಾಗಿ ಊದಿಕೊಂಡಿದೆ.

"ಗಂಟೆ ಒತ್ತೋಕೇನು ಧಾಡಿ ನಿಂಗೆ?" ಎಂದೆ.

"ಒತ್ತೀ ಒತ್ತೀ ಬೆರಳು ಸವೆದುಹೋಯ್ತು ಅಜ್ಜಿ. ನಿಮ್ಮದೊಂದೇ ಅಲ್ಲ, ಈ ಕಟ್ಟಡದ ಎಂಟೂ ಮನೆ ಗಂಟೆ ಸತ್ತು ಮೂರು ದಿನ ಆಯ್ತು. ಮೂರನೇ ಮಹಡಿಗೆ ಹೊಸದಾಗಿ ಬಂದಿರೋ ಬಾಣಂತಿ ಇದ್ದಾಳಲ್ಲ, ಅವಳ ಕೆಲಸ. ಮೆಟ್ಟಿಲ ಕೆಳಗಿನ ಡಬ್ಬಿ ಬಿಚ್ಚಿ ವೈರೆಲ್ಲಾ ಕಿತ್ತಿಟ್ಟಿದ್ದಾಳಂತೆ. ಯಾಕೆ ಕೇಳಿ. ಮಗು ಮಲಗ್ಬೇಕಂತೆ!"

ನನ್ನ ಪಿತ್ತ ನೆತ್ತಿಗೇರಿತು. ಮೂರು ದಿನದಿಂದ ನನ್ನ ಬಾಗಿಲಿಗೆ ಒಂದು ನರಪಿಳ್ಳೆಯೂ ಬಂದಿಲ್ಲವೆಂದು ಕೊರಗಿ, ಹಿಂದಿನ ದಿನವಷ್ಟೇ ತಂಗಿಗೆ ಫೋನು ಮಾಡಿ, "ನಾನು ಇದ್ದೀನೋ ಇಲ್ವೋ ಅಂತ ನೋಡೋಕೂ ಬರಲ್ಲ ನೀನು" ಎಂದು ಜಗಳವಾಡಿಬಿಟ್ಟಿದ್ದೆ. ಪಾಪ, ಅವಳು ಮಂಗಳವಾರವೇ ಬಂದು ಅರ್ಧ ಗಂಟೆ ಗುಂಡಿ ಒತ್ತಿ ವಾಪಸು ಹೋಗಿದ್ದಳಂತೆ.

ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ. ಪ್ರತಿ ಮಹಡಿಯಲ್ಲೂ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದೆ, ನಿಂತಾಗಲೆಲ್ಲ ಬೈಗುಳಕ್ಕೆ ಇನ್ನೊಂದು ಒಳ್ಳೆಯ ಮಾತು ಹೊಳೆಯುತ್ತಿತ್ತು. ಮೂರನೆಯ ಮಹಡಿ ತಲುಪುವಷ್ಟರಲ್ಲಿ ಚೆನ್ನಾಗಿ ಹದವಾದ ಒಂದು ಭಾಷಣ ನಾಲಿಗೆಯ ತುದಿಯಲ್ಲಿತ್ತು.

ನಾನು ಬಡಿಯುವ ಮೊದಲೇ ಬಾಗಿಲು ತೆರೆಯಿತು. ಕಡ್ಡಿಯಂಥ ಹುಡುಗಿ, ಕೂದಲನ್ನು ಗಂಟು ಹಾಕಿ ಅದರೊಳಗೆ ಒಂದು ಪೆನ್ಸಿಲು ಚುಚ್ಚಿಕೊಂಡಿದ್ದಾಳೆ. ಹೆಗಲ ಮೇಲೆ ಮೂರು ತಿಂಗಳ ಹೆಣ್ಣುಮಗು, ಅತ್ತೂ ಅತ್ತೂ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ನಾನು ಬಾಯಿ ತೆರೆದೆ. ಅವಳು ಮಗುವನ್ನು ನನ್ನ ಕೈಗೆ ಹಾಕಿದಳು.

"ಒಂದ್ನಿಮಿಷ ಹಿಡ್ಕೊಳ್ಳಿ ಅಜ್ಜಿ, ಹಾಲು ಉಕ್ತಾ ಇದೆ!"

ಆ ಒಂದು ನಿಮಿಷ ಎಷ್ಟು ಉದ್ದವಾಯಿತೆಂದರೆ, ಅವಳು ಹಾಲು ಇಳಿಸಿ, ಒಲೆ ಒರೆಸಿ, ಒಂದು ಬಕೆಟ್ ಬಟ್ಟೆ ಹಿಂಡಿ, ತಂತಿಗೆ ಹರವಿ, ಗೋಡೆಗೆ ಒರಗಿ ನಿಂತ ಹಾಗೆಯೇ ಒಂದು ಸಣ್ಣ ನಿದ್ದೆಯನ್ನೂ ತೆಗೆದಳು. ಅಷ್ಟು ಹೊತ್ತೂ ಮಗು ನನ್ನ ಕಿವಿ ಹಿಡಿದುಕೊಂಡು ಸುಮ್ಮನಿತ್ತು. ನನ್ನ ಭಾಷಣದ ಒಂದು ಪದವೂ ನೆನಪಾಗಲಿಲ್ಲ.

"ಗಂಟೆ..." ಎಂದೆ ಕೊನೆಗೆ.

ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಅಯ್ಯೋ! ಸಂಜೆ ಆರಕ್ಕೆ ಮತ್ತೆ ಜೋಡಿಸೋಣ ಅಂದ್ಕೊಂಡಿದ್ದೆ ಅಜ್ಜಿ. ಮೂರು ದಿನದಿಂದ ಸಂಜೆ ಆರು ಯಾವಾಗ ಬಂತು, ಯಾವಾಗ ಹೋಯ್ತು, ಒಂದೂ ಗೊತ್ತಾಗಿಲ್ಲ."

ನಾವಿಬ್ಬರೂ ನಗಲು ಶುರು ಮಾಡಿದ್ದು ಆಗ.

ಅವತ್ತೇ ಅವಳು ವೈರು ಜೋಡಿಸಿದಳು. ಆದರೆ ಒಂದು ಎಡವಟ್ಟಾಯಿತು. ಎದುರು ಮನೆಯ ಗುಮಾಸ್ತರ ಗುಂಡಿ ಒತ್ತಿದರೆ ನನ್ನ ಮನೆಯಲ್ಲಿ ಗಂಟೆ, ನನ್ನದು ಒತ್ತಿದರೆ ಅವರ ಮನೆಯಲ್ಲಿ. ಎರಡು ದಿನ ನಾನು ಅವರ ಹಾಲಿನವಳನ್ನು ಮಾತಾಡಿಸಿದೆ, ನನ್ನ ತಂಗಿಯನ್ನು ಅವರು ಕೂರಿಸಿ ಚಹಾ ಕೊಟ್ಟರು. ಶನಿವಾರ ಅವಳು ಸರಿಮಾಡಲು ಬಂದಾಗ ನಾನು ತಮಾಷೆಗೆ, "ಬಿಚ್ಚೋ ಕೈಗೆ ಜೋಡಿಸೋದನ್ನೂ ಕಲಿಸ್ಬಾರದೇನೇ?" ಎಂದೆ.

ಅವಳು ನಗಲಿಲ್ಲ. ಮೇಲೆ ಓಡಿಹೋಗಿ ನಾಲ್ಕಾಗಿ ಮಡಿಸಿದ ಒಂದು ಪತ್ರಿಕೆಯ ತುಂಡು ತಂದಳು. ಮನೆಬಳಕೆಯ ಯಂತ್ರಗಳ ರಿಪೇರಿ ತರಬೇತಿ, ಹತ್ತು ವಾರ, ಹೆಂಗಸರಿಗೆ ಉಚಿತ, ಬೆಳಿಗ್ಗೆ ಹತ್ತರಿಂದ ಒಂದು. ಕೆಳಗೆ ದಪ್ಪ ಅಕ್ಷರದಲ್ಲಿ: ಮಕ್ಕಳನ್ನು ಕರೆತರುವಂತಿಲ್ಲ.

ಅವಳು ಮೊದಲು ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆ ಡಬ್ಬಿಗೆ ತುಂಬುವ ಕೆಲಸದಲ್ಲಿದ್ದಳಂತೆ. ಹೆರಿಗೆಗೆ ಹೋದಾಗ ಅವಳ ಜಾಗಕ್ಕೆ ಒಂದು ಯಂತ್ರ ಬಂತು. ಆ ಯಂತ್ರ ಹೆರಿಗೆ ರಜೆ ಕೇಳುವುದಿಲ್ಲವಲ್ಲ, ಅದನ್ನೇ ಇಟ್ಟುಕೊಂಡರು. ಗಂಡ ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವವನು. ಕೋಳಿ ಕೂಗುವ ಮೊದಲೇ ಹೋಗಿ ಮಧ್ಯಾಹ್ನ ಎರಡಕ್ಕೆ ಬರುವನು, ಬಂದವನು ಹಿಟ್ಟಿನ ಮೂಟೆಯಂತೆ ಉರುಳಿಕೊಳ್ಳುವನು. ಅವನೊಬ್ಬನ ಸಂಬಳ ಬಾಡಿಗೆಗೆ ಮತ್ತು ಹಾಲಿಗಷ್ಟೇ ಸಾಕಾಗುತ್ತಿತ್ತು, ಅದೂ ಕೂಡಿಟ್ಟದ್ದನ್ನು ಕರಗಿಸಿ. ಇಪ್ಪತ್ತನೇ ತಾರೀಖಿನ ಮೇಲೆ ಅವರ ಮನೆಯಲ್ಲಿ ಮೂರು ಹೊತ್ತೂ ಬೇಕರಿಯಲ್ಲಿ ಉಳಿದ ಬ್ರೆಡ್ಡೇ. ಸುಟ್ಟ ಬ್ರೆಡ್ಡು, ಹುರಿದ ಬ್ರೆಡ್ಡು, ಹಾಲಿನಲ್ಲಿ ನೆನೆದ ಬ್ರೆಡ್ಡು. "ಇನ್ನು ಸ್ವಲ್ಪ ದಿನಕ್ಕೆ ನನ್ನ ಮೇಲೇ ಬೆಣ್ಣೆ ಸವರಬಹುದು ಅಜ್ಜಿ" ಎನ್ನುತ್ತಿದ್ದಳು. ಮೂರು ತಿಂಗಳೊಳಗೆ ಎರಡನೆಯ ಸಂಬಳ ಬರದಿದ್ದರೆ ಮನೆ ಖಾಲಿ ಮಾಡಿ ಅತ್ತೆಯ ಮನೆಗೆ ಹೋಗಬೇಕು. ಅಲ್ಲಿ ಎರಡು ಕೋಣೆಯಲ್ಲಿ ಆಗಲೇ ಒಂಬತ್ತು ಜನ. ಇವರಿಗೆ ಸಿಗುವ ಜಾಗ ಊಟದ ಮೇಜಿನ ಕೆಳಗೆ. ಇದನ್ನು ಅವಳು ನಗುತ್ತಲೇ ಹೇಳಿದಳು, ಹೇಳುವಾಗ ಪತ್ರಿಕೆಯ ತುಂಡನ್ನು ಐದನೆಯ ಸಲ ಮಡಿಸುತ್ತಿದ್ದಳು.

"ಹತ್ತರಿಂದ ಒಂದು ತಾನೆ?" ಎಂದೆ. "ಆ ಹೊತ್ತಲ್ಲಿ ನಾನೇನು ರಾಜ್ಯ ಆಳ್ತೀನಾ? ಬಿಟ್ಟು ಹೋಗು."

ತರಬೇತಿ ಕೇಂದ್ರ ಒಂದು ಟೈರು ಅಂಗಡಿಯ ಮೇಲಿತ್ತು. ಬಸ್ಸಿನ ದುಡ್ಡು ಉಳಿಸಲು ಅವಳು ನಡೆದೇ ಹೋಗುತ್ತಿದ್ದಳು. ಕಲಿಸುವವರನ್ನು ಎಲ್ಲರೂ ಫ್ಯೂಸ್ ಮೇಷ್ಟ್ರು ಎನ್ನುತ್ತಿದ್ದರು, ಯಾಕೆಂದರೆ ಅವರ ತಾಳ್ಮೆ ದಿನಕ್ಕೆ ಮೂರು ಸಲ ಸುಟ್ಟುಹೋಗುತ್ತಿತ್ತು. ಅವರದೇ ಒಂದು ರಿಪೇರಿ ಅಂಗಡಿಯೂ ಇತ್ತು. ತರಗತಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರನ್ನು, ಒಬ್ಬರನ್ನೇ, ಅಂಗಡಿಗೆ ತೆಗೆದುಕೊಳ್ಳುತ್ತೇನೆಂದು ಮೊದಲ ದಿನವೇ ಹೇಳಿದ್ದರಂತೆ. ಆ ಒಬ್ಬಳು ತಾನೇ ಆಗಬೇಕೆಂದು ಇವಳು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು.

ಕಲಿತದ್ದನ್ನು ಕೈಗೆ ಹತ್ತಿಸಿಕೊಳ್ಳಲು ಕೆಟ್ಟ ಯಂತ್ರ ಬೇಕು. ಅವಳ ಮನೆಯಲ್ಲಿ ಕೆಡಲಿಕ್ಕೆ ಯಂತ್ರವೇ ಇರಲಿಲ್ಲ. ಹಾಗಾಗಿ ಕಟ್ಟಡದ ಮನೆಮನೆಗೂ ಹೋಗಿ, "ಕೆಟ್ಟಿದ್ದು ಏನಾದ್ರೂ ಇದ್ಯಾ? ಪುಕ್ಕಟೆ ಸರಿಮಾಡ್ತೀನಿ" ಎಂದು ಕೇಳಿದಳು. ಪುಕ್ಕಟೆ ಅಂದರೆ ಜನ ಬಿಡುತ್ತಾರೆಯೇ? ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದದ್ದೆಲ್ಲ ನನ್ನ ಹಜಾರಕ್ಕೆ ಇಳಿಯಿತು. ಅವಳ ಕೋಣೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ, ನನ್ನದು ದೊಡ್ಡ ಹಜಾರ, ಇರುವವಳು ನಾನೊಬ್ಬಳು.

ಅವಳ ಕೆಲಸದ ರೀತಿ ನೋಡಲು ಚೆಂದ. ಒಂದು ಯಂತ್ರಕ್ಕೆ ಒಂದು ಬಟ್ಟಲು. ಬಿಚ್ಚಿದ ಸ್ಕ್ರೂ, ಸ್ಪ್ರಿಂಗು, ಎಲ್ಲ ಆ ಬಟ್ಟಲಿಗೆ. ಬಟ್ಟಲುಗಳೆಲ್ಲ ನನ್ನವೇ. ಕಡೆಗೆ ನನಗೆ ಉಣ್ಣಲು ಬಟ್ಟಲಿಲ್ಲದೆ ಲೋಟದಲ್ಲಿ ಊಟ ಮಾಡಿದ್ದುಂಟು. ಮಗುವಿಗೆ ಕಟ್ಟಡದವರೆಲ್ಲ ಸೈರನ್ ಎಂದು ಹೆಸರಿಟ್ಟಿದ್ದರು. ಸೈರನ್ ನನ್ನ ತೊಡೆಯ ಮೇಲೆ ಮಲಗಿ ಅಮ್ಮನ ಸ್ಕ್ರೂಡ್ರೈವರನ್ನೇ ನೋಡುತ್ತಿತ್ತು. ನಾನೂ ಅದನ್ನೇ ನೋಡುತ್ತಿದ್ದೆ. ಅರವತ್ತೆಂಟು ವರ್ಷ ಬಾಳಿದ್ದೆ, ಮಿಕ್ಸಿಯ ಹೊಟ್ಟೆಯಲ್ಲಿ ಏನಿದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಹತ್ತನೆಯ ವಾರದ ಪರೀಕ್ಷೆ ಹೀಗಿತ್ತು: ಬೇರೆಬೇರೆ ಮನೆಯ ಐದು ಯಂತ್ರಗಳನ್ನು ಪೂರ್ತಿ ಬಿಚ್ಚಿ, ಶುಚಿಮಾಡಿ, ಸರಿಪಡಿಸಿ ಓಡಿಸಿ ತೋರಿಸಬೇಕು. ಫ್ಯೂಸ್ ಮೇಷ್ಟ್ರು ತಾವೇ ಮನೆಗೆ ಬಂದು ನೋಡುತ್ತಾರೆ. ನಮ್ಮಲ್ಲಿಗೆ ಶುಕ್ರವಾರ ಸಂಜೆ ನಾಲ್ಕಕ್ಕೆ.

ಗುರುವಾರ ಐದೂ ಬಿಚ್ಚಿ ಶುಚಿಯಾದವು. ಗುಮಾಸ್ತರ ಮಿಕ್ಸಿ, ಹೊಲಿಗೆಯವಳ ಟೇಬಲ್ ಫ್ಯಾನು, ಬೀದಿ ಮೂಲೆಯ ಇಸ್ತ್ರಿಯವನ ಇಸ್ತ್ರಿಪೆಟ್ಟಿಗೆ, ನರ್ಸಮ್ಮನ ನೀರು ಕಾಯಿಸುವ ಕೆಟಲು, ಕ್ಷೌರದ ಅಂಗಡಿಯವನ ಕೂದಲೊಣಗಿಸುವ ಯಂತ್ರ. ಗೋಡೆಯುದ್ದಕ್ಕೂ ಐದು ಬಟ್ಟಲು. ಶುಕ್ರವಾರ ಕೊನೆಯ ತರಗತಿ ಮುಗಿಸಿ ಬಂದು ಜೋಡಿಸುವುದಷ್ಟೇ ಬಾಕಿ.

ಶುಕ್ರವಾರ ಬೆಳಿಗ್ಗೆಯೇ ಸೈರನ್‌ಗೆ ತೆವಳುವುದು ಬಂದುಬಿಡಬೇಕೆ! ನಾನು ಹಾಲು ಆರಿಸಿ ತಿರುಗುವಷ್ಟರಲ್ಲಿ ಅವಳು ಹೊಟ್ಟೆಯ ಮೇಲೆ ಈಜುತ್ತಾ ಫ್ಯಾನಿನ ಬಟ್ಟಲಿನ ಹತ್ತಿರ! ಎತ್ತಿಕೊಂಡೆ. ಬಾಯಿಗೆ ಬೆರಳು ಹಾಕಿ ನೋಡಿದೆ, ಏನೂ ಇಲ್ಲ. ಎಲ್ಲವನ್ನೂ ಎತ್ತರಕ್ಕೆ ಸೇರಿಸಬೇಕು. ಐದು ಬಟ್ಟಲು ಇಡುವಷ್ಟು ಜಾಗ ಕಪಾಟಿನ ಮೇಲಿರಲಿಲ್ಲ. ನೆಲವನ್ನೂ ಗುಡಿಸಿ, ಮೂಲೆಯಲ್ಲಿ ಬಿದ್ದದ್ದನ್ನೂ ಆರಿಸಿ, ಎಲ್ಲವನ್ನೂ ಮೊರಕ್ಕೆ ಸುರಿದೆ. ಮಗು ಮಲಗಿದ ಮೇಲೆ ಕಿಟಕಿಯ ಬೆಳಕಿಗೆ ಕೂತು, ಕಾಳು ಆರಿಸುವ ಹಾಗೆ ಒಂದೊಂದನ್ನೇ ನೋಡಿ ಬೇರೆಮಾಡಿದೆ. ಉದ್ದದ್ದೆಲ್ಲ ಒಂದು ಕಡೆ, ಗಿಡ್ಡದ್ದೆಲ್ಲ ಒಂದು ಕಡೆ, ಸ್ಪ್ರಿಂಗುಗಳು ಒಂದು ಡಬ್ಬಿಗೆ, ಉಂಗುರದಂಥವು ಒಂದು ಡಬ್ಬಿಗೆ. ಮೊರ, ಡಬ್ಬಿ ಎಲ್ಲ ಕಪಾಟಿನ ಮೇಲೇರಿದವು. ಎಂಥ ಅಚ್ಚುಕಟ್ಟು! ಆ ಹುಡುಗಿ ನೋಡಿದರೆ ಎಷ್ಟು ಹಿಗ್ಗುತ್ತಾಳೋ ಎಂದುಕೊಂಡು, ಬಟ್ಟಲುಗಳನ್ನು ತೊಳೆದು ಒರೆಸಿಯೂ ಇಟ್ಟೆ.

ಒಂದೂಕಾಲಿಗೆ ಅವಳು ಬಂದಳು. ಕಪಾಟು ನೋಡಿದಳು. ಖಾಲಿ ಬಟ್ಟಲು ನೋಡಿದಳು. ನನ್ನ ಮುಖ ನೋಡಿದಳು.

"ಅಜ್ಜಿ... ಇದೇನು?"

"ಹೊಂದಿಸಿಟ್ಟೆ ಕಣೇ" ಎಂದೆ ಹೆಮ್ಮೆಯಿಂದ.

ಅವಳು ನೆಲದ ಮೇಲೆ ಕುಸಿದು ಕೂತಳು. ಮೊದಲು ಅಳುತ್ತಾಳೆ ಅಂದುಕೊಂಡೆ. ಭುಜ ಕುಲುಕುತ್ತಿತ್ತು. ಹತ್ತಿರ ಹೋದರೆ ನಗುತ್ತಿದ್ದಾಳೆ. ನಕ್ಕು ನಕ್ಕು ಮುಗಿದ ಮೇಲೆ ಒಂದಿಷ್ಟು ಅತ್ತಳು. "ಐದು ಮನೆದೂ ಬೆರೆತುಹೋಯ್ತು ಅಜ್ಜಿ. ಯಾವುದು ಯಾವುದಕ್ಕೆ ಅಂತ ಹುಡುಕೋಕೆ ಎರಡು ದಿನ ಬೇಕು. ಇನ್ನು ಇರೋದು ಮೂರು ಗಂಟೆನೂ ಇಲ್ಲ. ಊಟದ ಮೇಜಿನ ಕೆಳಗೆ ನಂಗೆ ಯಾವ ಕಡೆ ತಲೆ ಹಾಕ್ಬೇಕೋ ಈಗ್ಲೇ ಕೇಳ್ಕೋಬೇಕು."

ಆಗ ನನಗೆ ನಾನು ಮಾಡಿದ್ದೇನೆಂದು ಅರ್ಥವಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ನಾನು ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದ್ದೆನಲ್ಲ! ಬಟ್ಟಲು ಸುರಿಯುವಾಗಲೂ ನೋಡಿದ್ದೆ. ನನ್ನ ಮದುವೆಗೆ ಯಾರ್ಯಾರು ಯಾವ ಬಣ್ಣದ ಸೀರೆ ಉಟ್ಟು ಬಂದಿದ್ದರೆಂದು ಈಗಲೂ ಹೇಳಬಲ್ಲೆ, ಬೆಳಿಗ್ಗೆ ಕಂಡ ಸ್ಕ್ರೂ ಮರೆಯುತ್ತದೆಯೇ?

"ಏಳೇ. ಬರಕೋ. ಗುಮಾಸ್ತರ ಮಿಕ್ಸಿದು ಅಂಚು ಸೊಟ್ಟಗಾಗಿರೋ ಬಟ್ಟಲು. ಅದ್ರಲ್ಲಿ ನಾಲ್ಕು ಉದ್ದದ್ದು, ಒಂದರ ತಲೆ ಸವೆದಿತ್ತು. ಎರಡು ಸಣ್ಣ ಸ್ಪ್ರಿಂಗು, ಎರಡು ಇದ್ದಲು ತುಂಡು."

"ಇದ್ದಲಲ್ಲ ಅಜ್ಜಿ, ಕಾರ್ಬನ್ ಬ್ರಷ್ಷು!"

"ಏನಾದ್ರೂ ಆಗ್ಲಿ, ಒಲೆಗೆ ಹಾಕಿದ್ರೆ ಉರಿಯೋ ಹಾಗಿತ್ತು. ಇಸ್ತ್ರಿದು ಎರಡು ದಪ್ಪ ತಲೆ, ತುಕ್ಕಿನ ಕಲೆ. ಕ್ಷೌರದವನದು ಮೂರೇ ಮೂರು, ಕರಿಯವು, ಇರುವೆ ಥರ. ನರ್ಸಮ್ಮನದ್ರಲ್ಲಿ ಒಂದು ತೆಳ್ಳನೆ ತಗಡಿತ್ತು, ಬೆರಳಲ್ಲಿ ಒತ್ತಿದ್ರೆ ಟಿಕ್ ಅನ್ನುತ್ತೆ."

"ಅದೇ ನೀರು ಕುದಿದಾಗ ಆರಿಸೋದು! ಅಜ್ಜಿ, ನೀವು ಮನುಷ್ಯರಲ್ಲ!"

ನಾನು ಹೇಳುವುದು, ಅವಳು ಎತ್ತಿಕೊಳ್ಳುವುದು, ತಿರುಗಿಸುವುದು. ಸೈರನ್ ಎದ್ದು ಕೂಗತೊಡಗಿತು. ಎರಡಕ್ಕೆ ಬಂದ ಬೇಕರಿಯವನು ಮಗುವನ್ನು ಹೊತ್ತು, ನಿದ್ದೆಗಣ್ಣಿನಲ್ಲೇ ನಮ್ಮ ಸುತ್ತ ಗಾಣದೆತ್ತಿನಂತೆ ಸುತ್ತು ಹಾಕಿದನು. "ಯಾವ ಮೂಲೆಯಲ್ಲಾದ್ರೂ ಒರಗಿಕೊಳ್ಳಲೇನೇ?" ಎಂದರೆ, "ನಿಂತ್ರೆ ಅವಳು ಅಳ್ತಾಳೆ, ಕೂತ್ರೆ ನಾನು ಅಳ್ತೀನಿ, ನಡೀ" ಎಂದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ಸ್ಕ್ರೂ ಬಿಗಿಯಾಯಿತು.

ಕೊನೆಯದಲ್ಲ. ಮೊರದ ಮೇಲೆ ಇನ್ನೊಂದು ಉಳಿದಿತ್ತು. ಬೆರಳುದ್ದದ್ದು, ಒರಟು ಸುತ್ತುಗಳದ್ದು. ಅದು ಯಾವ ಬಟ್ಟಲಲ್ಲಿತ್ತೆಂದು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ನಾನು ಅದನ್ನು ಗಬಕ್ಕನೆ ಮುಷ್ಟಿಯೊಳಗೆ ಸೇರಿಸಿದೆ.

ಫ್ಯೂಸ್ ಮೇಷ್ಟ್ರು ಕುಳ್ಳಗೆ ದುಂಡಗಿದ್ದರು. ಅವರನ್ನು ಕೂರಿಸಲು ನನ್ನ ಯಜಮಾನರ ಕೈಕುರ್ಚಿಯನ್ನು ಮೂಲೆಯಿಂದ ಎಳೆದೆವು, ಯಜಮಾನರು ತೀರಿಹೋದಮೇಲೆ ಅದರಲ್ಲಿ ಯಾರೂ ಕೂತದ್ದಿಲ್ಲ. ಯಂತ್ರದ ಒಡೆಯರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಫ್ಯಾನು ತಿರುಗಿತು, ಮಿಕ್ಸಿ ಗುರ್ರೆಂದಿತು, ಇಸ್ತ್ರಿ ಕಾಯಿತು.

"ಐದನ್ನೂ ಒಟ್ಟಿಗೇ ಹಾಕಮ್ಮಾ" ಎಂದರು ಮೇಷ್ಟ್ರು.

"ಹಾಕಲ್ಲ ಸಾರ್. ಇಸ್ತ್ರಿ, ಕೆಟಲು, ಡ್ರೈಯರು ಒಟ್ಟಿಗೆ ಹಾಕಿದ್ರೆ ಅಜ್ಜಿ ಮನೆ ಫ್ಯೂಸ್ ಹೋಗುತ್ತೆ."

ಮೇಷ್ಟ್ರ ಮೀಸೆಯ ಒಂದು ತುದಿ ಮೇಲಕ್ಕೆ ಹೋಯಿತು. ಕೆಟಲಿನ ನೀರಿಗೆ ಚಹಾ ಹಾಕಿ ಕೊಟ್ಟೆವು. ಅವರು ಹೊಗಳುವುದಕ್ಕೆ ಬಾಯಿ ತೆರೆಯುವ ಹೊತ್ತಿಗೆ ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ಮುಷ್ಟಿ ಬಿಚ್ಚಿ."

"ಏನಿಲ್ಲ ಕಣೇ, ಕೈ ಹಿಡ್ಕೊಂಡಿದೆ."

"ಬಿಚ್ಚಿ ಅಜ್ಜಿ."

ಬಿಚ್ಚಿದೆ. ಎಲ್ಲರೂ ಬಗ್ಗಿ ನೋಡಿದರು.

"ಇದೊಂದು ಉಳಿದಿದೆ ಸಾರ್. ಯಾವುದರದು ಗೊತ್ತಿಲ್ಲ."

"ಎಲ್ಲಾ ಓಡ್ತಾ ಇದೆಯಲ್ಲಮ್ಮಾ?" ಎಂದರು ಮೇಷ್ಟ್ರು, ಕಣ್ಣು ಸಣ್ಣದು ಮಾಡಿ.

"ಓಡ್ತಿದೆ. ನಾಳೆ ಇವರ ಮನೆಯಲ್ಲಿ ಯಾರ ಕೈಗಾದ್ರೂ ಕಳಚಿಬಿದ್ರೆ? ಇದರ ಜಾಗ ಸಿಗೋ ತನಕ ಯಾರ ವಸ್ತುನೂ ಕೊಡಲ್ಲ. ನೀವು ಫೇಲ್ ಮಾಡಿದ್ರೂ ಸರಿ."

"ಎಷ್ಟು ಹೊತ್ತಾದ್ರೂ ಕಾಯ್ತೀನಿ, ಬಿಚ್ಚು" ಎಂದು ಅವರು ಕುರ್ಚಿಯಲ್ಲಿ ಸರಿಯಾಗಿ ಕೂತರು.

ಅವಳು ಫ್ಯಾನು ಬಿಚ್ಚಿದಳು, ನೋಡಿದಳು, ಮುಚ್ಚಿದಳು. ಮಿಕ್ಸಿ ಬಿಚ್ಚಿದಳು. ಮೇಷ್ಟ್ರು ಎರಡನೆಯ ಚಹಾ ಕುಡಿದರು. ಬಾಗಿಲಲ್ಲಿ ಇಸ್ತ್ರಿಯವನು, "ನಂದರ ಹೊಟ್ಟೆ ತಡಕಿದ್ದು ಸಾಕು ಬಿಡು ತಾಯಿ, ಅದಕ್ಕೆ ಕಚಗುಳಿ ಆಗ್ತಿದೆ" ಎಂದ. ಐದನೆಯದನ್ನೂ ಮುಚ್ಚಿದ ಮೇಲೆ ಆ ಸ್ಕ್ರೂ ಇನ್ನೂ ನೆಲದ ಮೇಲೆ ಒಂಟಿಯಾಗಿ ಬಿದ್ದಿತ್ತು. ಅವಳ ಮುಖ ಬಿಳಿಚಿತು. ಮೇಷ್ಟ್ರು ನಿಟ್ಟುಸಿರುಬಿಟ್ಟು, "ಹಾಗಾದ್ರೆ ಅಮ್ಮಾ..." ಎನ್ನುತ್ತಾ ಹಿಂದಕ್ಕೆ ಒರಗಿದರು.

ಕುರ್ಚಿ ಕರ್ ಎಂದಿತು. ಹಿಂಗಾಲು ಒಂದು ಕಡೆ ಹೋಯಿತು, ಮೇಷ್ಟ್ರು ಇನ್ನೊಂದು ಕಡೆ ಹೋದರು, ಚಹಾದ ಲೋಟ ಗುಮಾಸ್ತರ ಅಂಗಿಯ ಮೇಲೆ ಹೋಯಿತು. ಮೊದಲು ನಕ್ಕದ್ದು ಸೈರನ್, ಅಪ್ಪನ ಹೆಗಲ ಮೇಲಿಂದ, ಕಿಲಕಿಲನೆ.

ಅವಳು ಮೇಷ್ಟ್ರನ್ನು ದಾಟಿ ಹಾರಿ, ಕುರ್ಚಿಯ ಕಾಲನ್ನು ಎತ್ತಿ, ತೂತಿನೊಳಗೆ ಸ್ಕ್ರೂ ಇಟ್ಟು ನೋಡಿ ಕಿರುಚಿದಳು: "ಸಿಕ್ತು ಸಾರ್! ಇದರದ್ದೇ!"

ನೆಲ ಗುಡಿಸುವಾಗ ಮೂಲೆಯಿಂದ ಆರಿಸಿದ್ದು ಅದು. ಬಟ್ಟಲಿನದ್ದಾಗಿದ್ದರೆ ತಾನೆ ನನಗೆ ನೆನಪಿರುವುದು!

"ಬಹಳ ಸಂತೋಷ" ಎಂದರು ಮೇಷ್ಟ್ರು, ಬಿದ್ದಲ್ಲಿಂದಲೇ, ಸೊಂಟ ಹಿಡಿದುಕೊಂಡು. "ಉಳಿದ ಸ್ಕ್ರೂನ ಜೇಬಿಗೆ ಹಾಕ್ಕೊಳ್ಳೋರನ್ನ ಮೂವತ್ತು ವರ್ಷದಿಂದ ನೋಡ್ತಿದ್ದೀನಿ. ಸೋಮವಾರ ಒಂಬತ್ತಕ್ಕೆ ಅಂಗಡಿಗೆ ಬಾ. ಈಗ ಯಾರಾದ್ರೂ ನನ್ನ ಎಬ್ಬಿಸಿ."

ಎಬ್ಬಿಸುವವರು ಯಾರು? ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇಕರಿಯವನು ಮಗುವಿನ ಸಮೇತ ಗೋಡೆಗೆ ಜಾರಿ ಕೂತು ನಕ್ಕು, ನಗುತ್ತಲೇ ನಿದ್ದೆಹೋದ.

ಇದಾಗಿ ಆರು ವರ್ಷವಾಯಿತು. ಈಗ ಅವಳು ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗುತ್ತಾಳೆ, ಗೊತ್ತಿಲ್ಲದವರು ಏನೋ ಮಾರಲು ಬಂದಳೆಂದು ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ, "ನಿಮ್ಮ ಫ್ರಿಜ್ಜು ನರಳ್ತಿರೋದು ಇಲ್ಲಿಗೇ ಕೇಳ್ತಿದೆ" ಎನ್ನುತ್ತಾಳೆ. ಮೂರನೆಯ ಮಹಡಿಯ ಆ ಮನೆಯಲ್ಲೇ ಇದ್ದಾರೆ. ನನ್ನ ಮನೆಯೊಳಗೆ ಬರುತ್ತಾಳೆ, ಪಾತ್ರೆಯ ಮುಚ್ಚಳ ತೆಗೆದು ತಿನ್ನುತ್ತಾಳೆ, ನನ್ನ ಹೊದಿಕೆ ಎಳೆದುಕೊಂಡು ಮಲಗುತ್ತಾಳೆ. ಏನನ್ನೂ ಕೇಳುವುದಿಲ್ಲ. ಕೇಳಿ ಪಡೆಯುವ ಸಂಬಂಧ ನಮ್ಮ ನಡುವೆ ಆ ಸೋಮವಾರ ಬೆಳಿಗ್ಗೆಗೇ ಮುಗಿಯಿತು.

ಅಂದು ಎಂಟೂವರೆಗೆ ಬಂದಳು. ಗಂಡನ ಅಂಗಿಯನ್ನು ಹೊಲಿಗೆಯವಳ ಹತ್ತಿರ ಒಳಗೆ ಮಾಡಿಸಿ ತೊಟ್ಟಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗಿನ ಕೆಲಸ, ಅಷ್ಟು ಹೊತ್ತು ಮಗುವನ್ನು ಬಿಟ್ಟಿರುವುದು ಅದೇ ಮೊದಲು. ಎರಡು ಗಂಟೆಯ ಮೇಲೆ ಅಪ್ಪನ ಪಾಳಿ, ಅಲ್ಲಿಯವರೆಗೆ ನನ್ನದು. ಹಾಲಿನ ಬಾಟಲಿ, ಬಟ್ಟೆ, ಗಿಲಕಿ, ಎಲ್ಲ ಒಂದೊಂದಾಗಿ ಒಪ್ಪಿಸಿದಳು. ಸೈರನ್ ನನ್ನ ತೋಳಿಗೆ ಬಂದದ್ದೇ ನನ್ನ ಕಿವಿ ಹಿಡಿದು, ಅಮ್ಮನ ಕಡೆ ತಿರುಗಿಯೂ ನೋಡದೆ ಖುಷಿಯಾಗಿ ಗುಳ್ಳೆ ಊದತೊಡಗಿತು.

ಅವಳು ಎರಡು ಮೆಟ್ಟಿಲು ಇಳಿದಳು. ಮತ್ತೆ ಹತ್ತಿ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯದೆ ಅಂಗಿಯ ತೋಳಿನಿಂದ ಮುಖವನ್ನೆಲ್ಲ ಒರೆಸಿಕೊಂಡಳು.

"ಅಜ್ಜಿ, ಒಂದೇ ಒಂದು. ಸಂಜೆ ನಾನು ಬಂದು ಕೇಳಿದಾಗ, ಇವಳು ಅಳದೇ ಇದ್ರೂ, ಸ್ವಲ್ಪ ಅತ್ತಳು ಅಂತ ಹೇಳ್ತೀರಾ?"